ದಿನಾ ಬೆಳಗಿದ ಮೀನಿನ ತೊಟ್ಟಿ

ಬಾಡಿಗೆಮನೆಯ ಯಜಮಾನಿ ಅಜ್ಜಿ ಮೀನು ಇಟ್ಟುಕೊಳ್ಳಲು ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ತೊಟ್ಟಿಯನ್ನು ದಿನಾ ಬೆಳಗಬೇಕು.

"ಲಿಂಗಪೂಜೆ ನಡೆಯೋ ಮನೆ ಕಣಪ್ಪ ಇದು. ಮೀನು ಅನ್ನೋದು ಈ ಹೊಸಲು ದಾಟಬಾರದು. ನೀನು ಸರ್ಕಾರದ ಕೆಲಸ ಅಂತೀಯ, ಜನ ಬದುಕ್ಕೊಳ್ತಾರೆ ಅಂತೀಯ. ಆಗ್ಲಿ, ಜಗುಲಿ ಮ್ಯಾಲೆ ಇಟ್ಕೋ. ಆದ್ರೆ ನನ್ನ ಪೂಜೆ ಪಾತ್ರೆ ಹೆಂಗಿರ್ತವೋ ನಿನ್ನ ತೊಟ್ಟೀನೂ ಅಂಗೇ ಇರಬೇಕು. ಒಂದು ದಿನ ಪಾಚಿ ಕಂಡ್ರೂ ಬೀದಿಗೆ ಎತ್ತಿ ಹಾಕ್ಬುಡ್ತೀನಿ. ಮೀನನ್ನಲ್ಲ, ನಿನ್ನ."

ನಾನು ನಗುತ್ತಾ ಒಪ್ಪಿಕೊಂಡೆ. ಮಧುಗಿರಿಯಲ್ಲಿ ಹೆಲ್ತ್ ಇನ್ಸ್‌ಪೆಕ್ಟರು ನಾನು. ಚರಂಡಿ ತೊಳೆಯಿರಿ, ಬಾವಿಕಟ್ಟೆ ಉಜ್ಜಿರಿ ಎಂದು ಬೀದಿ ಬೀದಿ ತಿರುಗಿ ಗಂಟಲು ಹರಿದುಕೊಳ್ಳುವುದೇ ನನ್ನ ಕಸುಬು. ಅಂಥವನಿಗೆ ತೊಟ್ಟಿ ತೊಳೆ ಎಂದರೆ ಕಷ್ಟವೇ? ಮಹಾರಾಜರ ಕಾಲ ಅದು, ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಇಲಾಖೆಯವರು ಬೆಂಗಳೂರಿನಿಂದ ತಗಡಿನ ಡಬ್ಬದಲ್ಲಿ ಕಳಿಸಿದ್ದ ಬೆರಳುದ್ದದ ಮೀನುಗಳು ಪಾವಗಡದ ಕಡೆಯ ಒಂದು ಹಟ್ಟಿಗೆ ಹೋಗಬೇಕಾಗಿದ್ದವು. ಹೋಗುವವರೆಗೆ ಅವುಗಳನ್ನು ಜೀವಂತ ಇಟ್ಟುಕೊಳ್ಳುವುದು ನನ್ನ ಪಾಲಿಗೆ ಬಿದ್ದಿತ್ತು. ನಾನೂ ಅಜ್ಜಿಯ ಜಾತಿಯವನೇ. ಅದುವರೆಗೆ ಮೀನನ್ನು ತಿನ್ನುವುದಿರಲಿ, ಮುಟ್ಟಿಯೂ ಇರಲಿಲ್ಲ.

ಆ ಹಟ್ಟಿ ಇದ್ದದ್ದು ವೈ.ಎನ್. ಹೊಸಕೋಟೆಯ ಆಚೆ, ಕಡಲೆಕಾಯಿ ಹೊಲಗಳ ನಡುವೆ. ಕುರಿ ಕಾಯುವವರ ಕೆಲವೇ ಮನೆಗಳು, ಎಲ್ಲಕ್ಕೂ ಸೇರಿ ಒಂದೇ ಮೆಟ್ಟಿಲುಬಾವಿ. ಬೇಸಿಗೆಯಲ್ಲಿ ನೀರು ಇಳಿದಂತೆಲ್ಲ ಜನವೂ ಕೆಳಗಿಳಿದು, ನೀರಿನಲ್ಲೇ ನಿಂತು ಬಿಂದಿಗೆ ತುಂಬಬೇಕು. ಹಟ್ಟಿಯಲ್ಲಿ ನಾರುಹುಣ್ಣು ಇಲ್ಲದ ಮನೆಯಿರಲಿಲ್ಲ. ಹುಣ್ಣಿರುವ ಕಾಲು ನೀರಿಗೆ ತಾಗಿತೋ, ಅದರೊಳಗಿನ ನಾರುಹುಳು ನೀರಿಗೆ ಮರಿ ಉಗುಳುತ್ತದೆ. ಅದನ್ನು ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನೀರುಹುಳ ನುಂಗುತ್ತದೆ. ಆ ನೀರುಹುಳವನ್ನು ನೀರಿನ ಜೊತೆ ಕುಡಿದವರ ಮೈಯಲ್ಲಿ ಮರಿ ಬೆಳೆದು, ಸುಮಾರು ಒಂದು ವರ್ಷಕ್ಕೆ ಮೊಳದುದ್ದದ ದಾರವಾಗಿ ಕಾಲನ್ನು ಸೀಳಿಕೊಂಡು ಹೊರಬರುತ್ತದೆ. ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದು ಹೇಳಿ ನನ್ನ ನಾಲಿಗೆ ಸವೆದಿತ್ತು. ಮನೆಯಲ್ಲಿ ಸೋಸುತ್ತಿದ್ದರೇನೋ, ಉರಿಬಿಸಿಲಲ್ಲಿ ಕುರಿ ಅಟ್ಟಿಕೊಂಡು ಬಂದವರು ಮೆಟ್ಟಿಲ ಮೇಲೆ ಕೂತು ಬೊಗಸೆಯಲ್ಲೇ ಕುಡಿಯುತ್ತಿದ್ದರು. ಸುಣ್ಣ ಹಾಕುತ್ತೇವೆ ಎಂದರೆ ದೇವರ ನೀರು ಎಂದು ಅಡ್ಡ ನಿಂತರು. ಆ ನೀರುಹುಳವನ್ನು ತಿನ್ನುವ ಮೀನು ಬಿಡುತ್ತೇವೆ ಎಂದಾಗ ಮಾತ್ರ ಹಟ್ಟಿಯ ಯಜಮಾನ, "ಬುಡಿ ಸಾಮಿ, ಜೀವ ಆಡೋ ನೀರು ಒಳ್ಳೇದೇ" ಎಂದು ಒಪ್ಪಿದ್ದ. ಆದರೆ ಬಾವಿಯ ಹೂಳೆತ್ತುವ ಕೆಲಸ ಅರ್ಧಕ್ಕೆ ನಿಂತಿತ್ತು. ಆ ಬಗ್ಗಡದಲ್ಲಿ ಬಿಟ್ಟರೆ ಮೀನು ಉಳಿಯುವುದಿಲ್ಲ. ಹೂಳು ಮುಗಿಯಲಿ, ನೀರು ತಿಳಿಯಾಗಲಿ ಎಂದು ನಾವು ಕಾಯುತ್ತಿದ್ದೆವು.

ತೊಟ್ಟಿ ಗಾಜಿನದು, ಕಬ್ಬಿಣದ ಚೌಕಟ್ಟಿನದು, ಇಲಾಖೆಯವರು ಯಾವುದೋ ವಸ್ತುಪ್ರದರ್ಶನಕ್ಕೆಂದು ಮಾಡಿಸಿ ಮೂಲೆಗೆ ಎಸೆದಿದ್ದದ್ದು. ಅದನ್ನು ಬೆಳಗುವ ಕ್ರಮ ಹೀಗೆ. ಮೊದಲು ಹಳೆಯ ಮಲ್ಲುಬಟ್ಟೆಯಲ್ಲಿ ಮೀನುಗಳನ್ನು ಹಿಡಿದು ಒಂದು ಮಣ್ಣಿನ ಬಾನಿಗೆ ಬಿಡುವುದು. ನೀರನ್ನೆಲ್ಲ ಇನ್ನೊಂದು ಬಾನಿಗೆ ಮೊಗೆಯುವುದು. ತಳದ ಮರಳನ್ನು ತೋಡಿ, ಕುದಿನೀರಿನಲ್ಲಿ ತಿಕ್ಕಿ ತೊಳೆದು ಬಿಸಿಲಿಗೆ ಹರಡುವುದು. ಗಾಜನ್ನು ಬೂದಿ, ಹುಣಸೆಹಣ್ಣು ಹಾಕಿ ಉಜ್ಜುವುದು. ಆಮೇಲೆ ಹಿಂದಿನ ದಿನ ಒಣಗಿಸಿಟ್ಟ ಮರಳು ಹಾಸಿ, ತೆಗೆದಿಟ್ಟ ಹಳೆಯ ನೀರನ್ನೇ ಬಟ್ಟೆಯಲ್ಲಿ ಸೋಸಿ ಮತ್ತೆ ತುಂಬುವುದು. ಹೊಸ ನೀರು ಎಲ್ಲಿಂದ ತರೋಣ? ಹಿತ್ತಿಲ ಬಾವಿಯಲ್ಲಿ ಕೊಡ ಮುಳುಗುವಷ್ಟೂ ನೀರಿರಲಿಲ್ಲ. ಅಜ್ಜಿ ಕನ್ನಡಕ ಏರಿಸಿಕೊಂಡು ಬಂದು ಗಾಜಿನ ಮೇಲೆ ಬೆರಳಾಡಿಸಿ, "ಹೂಂ, ಪರವಾಗಿಲ್ಲ" ಅನ್ನುವವರೆಗೆ ನನಗೂ ನನ್ನ ಹೆಂಡತಿಗೂ ಕಾಫಿಯಿಲ್ಲ.

ತೊಟ್ಟಿ ಫಳಫಳ ಅನ್ನುತ್ತಿತ್ತು. ಸುದ್ದಿ ಬೀದಿಯೆಲ್ಲ ಹಬ್ಬಿತು. ಮಧುಗಿರಿಯ ಹೆಂಗಸರು ಕಲ್ಯಾಣಿಯ ಮೀನಿಗೆ ಮಂಡಕ್ಕಿ ಹಾಕಿ ಪುಣ್ಯ ಕಟ್ಟಿಕೊಳ್ಳುವವರು. ಆ ಬೇಸಿಗೆ ಕಲ್ಯಾಣಿಗಳೆಲ್ಲ ಒಣಗಿದ್ದರಿಂದ ಪುಣ್ಯವೆಲ್ಲ ನಮ್ಮ ಜಗುಲಿಗೆ ಹರಿದುಬಂತು. ಪಕ್ಕದ ಮನೆಯಾಕೆಯಂತೂ ಸೋಮವಾರದ ಪೂಜೆ ತಪ್ಪಿದರೂ ಮಂಡಕ್ಕಿ ತಪ್ಪಿಸುತ್ತಿರಲಿಲ್ಲ. ಬೇಡ ಎಂದರೆ, "ಎರಡೇ ಕಾಳು ಕಣ್ರೀ, ಬಾಯಿಲ್ಲದ ಜೀವ" ಎಂದು ನಾನು ಅತ್ತ ತಿರುಗುವುದನ್ನೇ ಕಾದು ಹಿಡಿಯಷ್ಟು ಸುರಿದು ಹೋಗುತ್ತಿದ್ದಳು. ಮಂಡಕ್ಕಿ ಉಬ್ಬಿ, ಕೊಳೆತು, ಮರಳಿನ ಸಂದಿಗೆ ಇಳಿಯುತ್ತಿತ್ತು.

ಮೊದಲು ಸತ್ತವು ಸಣ್ಣವು. ದಾರಿಯ ಆಯಾಸ ಇರಬೇಕು ಎಂದುಕೊಂಡೆ. ಆಮೇಲೆ ದೊಡ್ಡವೂ ಮೇಲಕ್ಕೆ ಬಂದು, ಬಾಯಿ ಬಿಟ್ಟುಕೊಂಡು ಗಾಳಿ ನುಂಗತೊಡಗಿದವು. ಕಿವಿರು ಕುಂಕುಮದಂತೆ ಕೆಂಪಾಗಿತ್ತು. ನೀರು ನೋಡಿದರೆ ಸ್ಫಟಿಕ! ಮೂಗು ಹತ್ತಿರ ತಂದಾಗ ಮಾತ್ರ ಕೊಟ್ಟಿಗೆಯ ಗಂಜಳದ ಘಾಟು ಸಣ್ಣಗೆ ಬಡಿಯಿತು. ಆ ಘಾಟು ನನಗೆ ಗೊತ್ತು. ಅಮೋನಿಯಾ.

ಬಾವಿಗಳ ನೀರು ನೋಡಲೆಂದು ನನ್ನ ಪೆಟ್ಟಿಗೆಯಲ್ಲಿ ಒಂದು ಸೀಸೆ ದ್ರಾವಣ ಇರುತ್ತಿತ್ತು. ಗಾಜಿನ ನಳಿಗೆಯಲ್ಲಿ ನೀರು ಹಿಡಿದು ಕೆಲವು ತೊಟ್ಟು ಬಿಟ್ಟರೆ, ಅಮೋನಿಯಾ ಇಲ್ಲದ ನೀರು ತಿಳಿಯಾಗೇ ಉಳಿಯುತ್ತದೆ, ಇದ್ದರೆ ಹಳದಿಯಾಗುತ್ತದೆ. ತೊಟ್ಟಿಯ ನೀರಿಗೆ ಬಿಟ್ಟೆ. ಅರಿಶಿನ ಕದಡಿದ ಹಾಗೆ ಆಯಿತು. ಮೀನಿನ ಹೇಲು ಉಚ್ಚೆ, ಕೊಳೆತ ಮಂಡಕ್ಕಿ, ಎಲ್ಲ ಸೇರಿ ಆ ನೀರು ವಿಷವಾಗಿತ್ತು. ನನಗೆ ಹೊಳೆದದ್ದು ಒಂದೇ ದಾರಿ: ಇನ್ನೂ ಚೆನ್ನಾಗಿ ತೊಳೆಯುವುದು. ಬೆಳಿಗ್ಗೆ ತೊಳೆಯುತ್ತಿದ್ದವನು ಸಂಜೆಯೂ ತೊಳೆದೆ. ಮರಳನ್ನು ಹಂಡೆಗೆ ಹಾಕಿ ಕುದಿಸಿದೆ. ಬೂದಿಯನ್ನು ಹೆಚ್ಚು ಹಾಕಿದೆ. ಬೂದಿಯ ಕ್ಷಾರ ನೀರಿಗೆ ಸೇರಿದರೆ ಅಮೋನಿಯಾ ಇನ್ನೂ ಘೋರವಾಗುತ್ತದೆ ಎನ್ನುವುದು ಆಗ ನನಗೆ ಯಾರೂ ಹೇಳಿರಲಿಲ್ಲ. ಬಾನಿಯಿಂದ ತೊಟ್ಟಿಗೆ, ತೊಟ್ಟಿಯಿಂದ ಬಾನಿಗೆ ಓಡಾಡಿಸಿಕೊಂಡೇ ಒಂದಷ್ಟು ಸತ್ತವು.

ಆ ವಾರ ಮೇಲಧಿಕಾರಿಗಳು ತುಮಕೂರಿನಿಂದ ಕಾರಿನಲ್ಲಿ ಬಂದರು. ತೊಟ್ಟಿಯ ಹೊಳಪು ನೋಡಿ ಮೆಚ್ಚಿದರು. ಮೀನು ನೋಡಿ ಮುಖ ಸಿಂಡರಿಸಿದರು.

"ಅಲ್ಲ ಕಣ್ರೀ, ನಾವು ಕಳಿಸಿದ್ದು ಇಷ್ಟೇನಾ?"

"ಸಾಯ್ತಾ ಇವೆ ಸಾರ್. ಇನ್ನೊಂದು ಡಬ್ಬ ಕಳಿಸಿಕೊಟ್ಟರೆ..."

"ಎಲ್ಲಿಂದ ಕಳಿಸಲಿ? ಬೆಂಗಳೂರಿನ ಕೊಳದಲ್ಲೇ ನೀರಿಲ್ಲ. ಮುಂದಿನ ಮಳೆಗಾಲ ಕಳೆಯೋವರೆಗೂ ಮೀನಿಲ್ಲ. ಇವು ಹೋದರೆ ಆ ಹಟ್ಟಿಯವರು ಇನ್ನೊಂದು ವರ್ಷ ಆ ನೀರೇ ಕುಡೀಬೇಕು. ಆಮೇಲೆ ಅವರು ನಿಮ್ಮನ್ನ ನಂಬೋದೂ ಇಲ್ಲ, ಮೀನು ಬಿಡೋಕೆ ಒಪ್ಪೋದೂ ಇಲ್ಲ. ಏನು ಮಾಡ್ತೀರೋ ನೋಡಿ."

ಏನು ಮಾಡಲಿ? ಕಾರು ಹೋದ ಮೇಲೆ ಜಗುಲಿಯ ಕಂಬಕ್ಕೆ ಒರಗಿ ಕುಸಿದು ಕೂತೆ. ಮಧ್ಯಾಹ್ನವೆಲ್ಲ ಕಾದ ಮಧುಗಿರಿ ಬೆಟ್ಟದ ಬಂಡೆ ತನ್ನ ಕಾವನ್ನು ನಮ್ಮ ಬೀದಿಯ ಮೇಲೇ ಉಗುಳುತ್ತಿತ್ತು. ತಂಪಿಗೆಂದು ತೊಟ್ಟಿಗೆ ಹೊದಿಸಿದ ಒದ್ದೆ ಗೋಣಿ ಒಣಗಿ ಗರಿಗರಿಯಾಗಿತ್ತು.

ಹಟ್ಟಿಯ ಹೆಂಗಸೊಬ್ಬಳು ಮಧುಗಿರಿ ಆಸ್ಪತ್ರೆಗೆಂದು ಬಂದದ್ದು ಅದರ ಮರುದಿನವೇ. ಯಜಮಾನನ ಹೆಂಡತಿ, ನಡುವಯಸ್ಸಿನವಳು. ಹಿಮ್ಮಡಿಯ ಮೇಲೆ ಹುಣ್ಣೊಡೆದು ನಾರು ಹೊರಬಂದಿತ್ತು. ಆಸ್ಪತ್ರೆಯವರು ಅದನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಒಂದಿಷ್ಟು ಒಂದಿಷ್ಟು ಎಳೆಯುತ್ತಿದ್ದರು. ಜೋರಾಗಿ ಎಳೆದರೆ ಒಳಗೇ ತುಂಡಾಗಿ ಕಾಲು ಕೀವಾಗುತ್ತದೆ. ಅದು ಪೂರ್ತಿ ಬರುವವರೆಗೆ ಊರಿಗೆ ಹೋಗುವಂತಿಲ್ಲ. ಅಜ್ಜಿ ಗೊಣಗುತ್ತಲೇ ಕೊಟ್ಟಿಗೆಯ ಪಕ್ಕದ ಚಾವಡಿಯಲ್ಲಿ ಜಾಗ ಕೊಟ್ಟಿದ್ದಳು. ಹಗಲೆಲ್ಲ ಆಕೆ ಕಾಲು ಚಾಚಿಕೊಂಡು ನಮ್ಮ ಜಗುಲಿಯ ಕೆಳಗೆ ಕೂತು ಮೀನು ನೋಡುತ್ತಿದ್ದಳು.

"ಇವೇನಾ ಸಾಮಿ ನಮ್ಮ ಮೀನು?"

"ಇವೇ ಕಣಮ್ಮ."

"ಅಯ್ಯೋ ದೇವುಡಾ, ಇಂಗ್ಯಾಕೆ ಬಾಯಿ ಬುಡ್ತಾವೆ? ನಮ್ಮ ಕುರಿ ಸಾಯೋ ಮುಂದೆ ಇಂಗೇ ಬುಡ್ತಾವೆ." ಮತ್ತೆ ಅಂದಳು: "ನಂದು ಎಂಗೋ ಆಯ್ತದೆ ಬುಡಿ. ನಮ್ಮ ಸೊಸೆ ಬಸ್ರಿ ಸಾಮಿ, ಚೊಚ್ಚಲು. ಹೂಳು ತೆಗೀತಾವ್ರಲ್ಲ, ಬಾವೀಲಿ ಒಂದು ಮೂಲೇಲಿ ಗುಂಡೀಲಿ ಮಾತ್ರ ನೀರೈತೆ. ಎಲ್ಲಾರೂ ಅದ್ರಾಗೇ ಕಾಲಿಡ್ತಾರೆ, ಅದನ್ನೇ ಕುಡೀತಾರೆ. ಹೋದೊರ್ಸ ನನ್ನ ಮಗಳು ಇಂಗೇ ಬಸ್ರಿ ಇದ್ದಾಗ ಕಾಲು ಕೀವಾಗಿ... ಹೋಗ್ಬುಟ್ಲು. ಕೂಸೂ ಹೋಯ್ತು. ಇವಳನ್ನ ಉಳಿಸ್ಕೊಡಿ ಸಾಮಿ."

ನೀರು ಸೋಸಿ ಕುಡಿಯಲು ಹೇಳಮ್ಮ ಎಂದೆ. ಅದೇ ಹಳೆಯ ಮಾತು. ಆಕೆ ತಲೆಯಾಡಿಸಿದಳು.

ಅಲ್ಲಿಂದ ಮುಂದೆ ದಿನವೂ ಅದೇ ಕತೆ. ತೊಳೆದ ಕೂಡಲೇ ಪರೀಕ್ಷಿಸಿದರೂ ಹಳದಿ, ಸಂಜೆಗೆ ಇನ್ನೂ ಕಡುಹಳದಿ. ದೂರದ ಬಾವಿಯಿಂದ ಒಂದೆರಡು ಕೊಡ ಹೊತ್ತು ತಂದು ಬೆರೆಸಿದರೆ ಒಂದು ಗಳಿಗೆ ತಿಳಿಯಾದಂತೆ ಕಂಡು ಮತ್ತೆ ಅದೇ ಬಣ್ಣ. ಇದ್ದಲು ಹಾಕಿದೆ, ಪ್ರಯೋಜನವಾಗಲಿಲ್ಲ. ಒಂದು ಬೆಳಿಗ್ಗೆ ಗೋಣಿ ಸರಿಸಿ ನೋಡಿದರೆ ಉಳಿದಿದ್ದವುಗಳಲ್ಲಿ ಅರ್ಧಕ್ಕೂ ಹೆಚ್ಚು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ನನ್ನ ಹೆಂಡತಿ, "ನಿನ್ನೆ ಇನ್ನೊಂದು ಸಲ ತೊಳೆದಿದ್ದರೆ..." ಅಂದಳು. ನಾನು ಕೈಯಲ್ಲಿದ್ದ ಚೊಂಬನ್ನು ಗೋಡೆಗೆ ಬೀಸಿ ಎಸೆದೆ. "ತೊಳೆದೂ ತೊಳೆದೂ ನನ್ನ ಕೈ ಚರ್ಮ ಸುಲಿದು ಹೋಗಿದೆ! ಇನ್ನೇನು ತೊಳೀಲಿ, ನನ್ನ ಹಣೆಬರಹಾನಾ?" ಎಂದು ಕೂಗಿ, ಸತ್ತ ಮೀನುಗಳನ್ನು ಮೊರಕ್ಕೆ ಹಾಕಿಕೊಂಡು ಹಿತ್ತಿಲಿಗೆ ಹೋದೆ. ಅಳು ಬರುತ್ತಿತ್ತು. ಬಂದದ್ದನ್ನು ತಡೆಯಲೂ ಇಲ್ಲ.

ಬಾಳೆಯ ಬುಡದಲ್ಲಿ ಹೂಳೋಣವೆಂದು ಹೊರಟೆ. ಬಚ್ಚಲುಮನೆಯ ನೀರು ಹೊರಬಿದ್ದು ಬಾಳೆಯ ಕಡೆಗೆ ಹೋಗಲು ಉರುಟುಕಲ್ಲು ತುಂಬಿದ ಒಂದು ಉದ್ದನೆಯ ಕಾಲುವೆಯಿತ್ತು. ಅದರ ಮೇಲೆ ಕಾಲಿಟ್ಟೆನೋ ಇಲ್ಲವೋ, ಜಾರಿ ದಬಕ್ಕನೆ ಬಿದ್ದೆ. ಮೊರ ಒಂದು ಕಡೆ, ಮೀನು ಒಂದು ಕಡೆ, ನಾನು ಒಂದು ಕಡೆ. ಮೊಣಕೈಗೆಲ್ಲ ಕಂದು ಲೋಳೆ. "ಥೂ, ಹಾಳಾಗ!" ಎಂದು ಏಳಲು ಹೋದವನು ಹಾಗೇ ಕೂತುಬಿಟ್ಟೆ.

ಈ ಲೋಳೆಯನ್ನು ನಾನು ಹಿಂದೆ ನೋಡಿದ್ದೆ. ತರಬೇತಿಯಲ್ಲಿದ್ದಾಗ ಊರಿನ ಕೊಳಕುನೀರನ್ನು ಶುದ್ಧ ಮಾಡುವ ಕಲ್ಲಿನ ಹಾಸುಗಳನ್ನು ತೋರಿಸಲು ಕರೆದೊಯ್ದಿದ್ದರು. ಮೇಲಿನಿಂದ ಕೊಳಕುನೀರು ಚಿಮುಕಿಸುತ್ತಾರೆ, ಆಳೆತ್ತರದ ಕಲ್ಲುರಾಶಿಯೊಳಗೆ ಇಳಿದು ಕೆಳಗೆ ಬರುವಾಗ ಘಾಟು ಹೋಗಿರುತ್ತದೆ. ನಮ್ಮಲ್ಲೊಬ್ಬ ಒಂದು ಕಲ್ಲನ್ನು ಎತ್ತಿ, ಎಷ್ಟು ಗಲೀಜು ಎಂದು ಉಜ್ಜಲು ಹೋದ. ಮೇಷ್ಟ್ರು ಅವನ ಕೈಮೇಲೆ ಪಟ್ಟೆಂದು ಬಾರಿಸಿದ್ದರು. ಕೆಲಸ ಮಾಡುವುದು ಕಲ್ಲಲ್ಲವಯ್ಯ, ಕಲ್ಲಿನ ಮೇಲಿನ ಲೋಳೆ. ಅದರೊಳಗೆ ಕಣ್ಣಿಗೆ ಕಾಣದ ಜೀವಗಳಿವೆ, ಅಮೋನಿಯಾವನ್ನು ತಿಂದು ಜೀರ್ಣಿಸಿಕೊಳ್ಳುವುದು ಅವೇ. ತೊಳೆದೆಯೋ, ಮತ್ತೆ ಮೊದಲಿನಿಂದ ಬೆಳೆಯಬೇಕು ಎಂದಿದ್ದರು. ಪರೀಕ್ಷೆಯಲ್ಲಿ ಅದನ್ನು ಬರೆದು ಪಾಸೂ ಆಗಿದ್ದೆ.

ಓಡಿಹೋಗಿ ಸೀಸೆ ತಂದೆ. ಬಚ್ಚಲ ತೂಬಿನ ಬಾಯಲ್ಲಿ ಹಿಡಿದ ನೀರಿಗೆ ದ್ರಾವಣ ಬಿಟ್ಟರೆ ಹಳದಿ. ಕಾಲುವೆಯ ಇನ್ನೊಂದು ತುದಿಯಲ್ಲಿ, ಬಾಳೆಯ ಬುಡದಲ್ಲಿ ಹಿಡಿದರೆ ಬಣ್ಣವೇ ಇಲ್ಲ ಎನ್ನುವಷ್ಟು ತಿಳಿ. ಮತ್ತೊಮ್ಮೆ ಮಾಡಿದೆ, ಅದೇ. ಜಗುಲಿಯ ಮೇಲೆ ನಾನು ಬೂದಿ, ಬಿಸಿನೀರು, ಬಿಸಿಲು ಎಲ್ಲ ಹಾಕಿ ಕೊಲ್ಲುತ್ತಿದ್ದದ್ದು ಯಾರನ್ನು ಎಂದು ಆಗ ತಿಳಿಯಿತು. ಮರಳು ಶುದ್ಧ, ಗಾಜು ಶುದ್ಧ, ನೀರು ಮಾತ್ರ ದಿನದಿಂದ ದಿನಕ್ಕೆ ವಿಷ.

ಅಲ್ಲೇ ಕೂತು ತೀರ್ಮಾನ ಮಾಡಿದೆ. ಇನ್ನು ತೊಟ್ಟಿ ಬೆಳಗುವುದಿಲ್ಲ. ಈ ಬಚ್ಚಲ ಕಲ್ಲುಗಳನ್ನೇ ತೊಟ್ಟಿಗೆ ಕಟ್ಟುತ್ತೇನೆ. ಅಜ್ಜಿ ಮನೆ ಬಿಡಿಸಿದರೆ ಬಿಡಿಸಲಿ.

ಅಜ್ಜಿಗೆ ಹೇಳಿದಾಗ ಆಕೆ ಪೂಜೆ ಮುಗಿಸಿ ವಿಭೂತಿ ಹಣೆಯಲ್ಲಿ ಹೊರಗೆ ಬಂದಿದ್ದಳು.

"ಬಚ್ಚಲ ಕಲ್ಲಾ? ನನ್ನ ಜಗುಲಿ ಮ್ಯಾಲಾ? ಬುದ್ಧಿ ನೆಟ್ಟಗೈತೇನೋ ನಿಂಗೆ?"

"ಅಜ್ಜಿ, ಆ ಕಲ್ಲಿನ ಮೇಲಿನ ಲೋಳೆ ನೀರಿನ ವಿಷ ತಿನ್ನತ್ತೆ. ನಾವು ತೊಳೆದಿದ್ದಕ್ಕೇ ಮೀನು ಸತ್ತದ್ದು."

"ತೊಳೆದಿದ್ದಕ್ಕೆ ಸಾಯ್ತಾವಾ? ಊರೆಲ್ಲ ತೊಳೀರಿ ತೊಳೀರಿ ಅಂತ ಬಾಯಿ ಬಡ್ಕೊಳ್ಳೋನು ನೀನೇ ಅಲ್ವೇನೋ?"

ಸಿಟ್ಟು ನೆತ್ತಿಗೇರಿತು. "ಹೌದು, ನಾನೇ! ಈಗ ತೊಳೀಬೇಡಿ ಅಂತಾನೂ ನಾನೇ ಹೇಳ್ತಿದ್ದೀನಿ. ನಿಮ್ಮ ಜಗುಲಿ ಫಳಫಳ ಅಂತಿದೆ, ಅಲ್ಲಿ ಹಟ್ಟೀಲಿ ಆ ಹುಡುಗಿ ಹುಳದ ನೀರು ಕುಡೀತಿದ್ದಾಳೆ. ಬೇಕಾದ್ರೆ ನಾಳೇನೇ ಮನೆ ಖಾಲಿ ಮಾಡ್ತೀನಿ, ಇವತ್ತು ಮಾತ್ರ ಅಡ್ಡ ಬರಬೇಡಿ!"

ನನ್ನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಹಟ್ಟಿಯ ಹೆಂಗಸು ಕೆಳಗೆ ಕೂತು ಎಲ್ಲ ಕೇಳಿಸಿಕೊಂಡಳು. ಕಾಲಿನ ಪಟ್ಟಿ ಸರಿಪಡಿಸಿಕೊಳ್ಳತೊಡಗಿದಳು. ಬಟ್ಟೆ ಸರಿದಾಗ ಹುಣ್ಣಿನ ಬಾಯಿ, ಕಡ್ಡಿಗೆ ಸುತ್ತಿದ ಬಿಳಿಯ ನಾರು ಕಂಡಿತು. ಅಜ್ಜಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಶಿವಾ ಶಿವಾ," ಅಂದಳು ಕೊನೆಗೆ. "ಏನಾರ ಮಾಡ್ಕೋ ಹೋಗು. ಆದ್ರೆ ಅದು ಇಲ್ಲಿರೋವರ್ಗೂ ನಾನು ಈ ಜಗುಲಿ ತುಳಿಯಾಕಿಲ್ಲ. ಹಿತ್ಲ ಬಾಗ್ಲಲ್ಲೇ ಓಡಾಡ್ತೀನಿ." ಹಾಗೆ ಹೇಳಿ ಒಳಗೆ ಹೋದವಳು ಅಂದಿನಿಂದ ದೇವಸ್ಥಾನಕ್ಕೆ ಹೋಗುವುದಾದರೂ ಹಿತ್ತಿಲಿನಿಂದ ಸುತ್ತಿಕೊಂಡೇ ಹೋದಳು.

ನಾನು ಒಂದು ದೊಡ್ಡ ಮಡಕೆಯ ತಳದಲ್ಲಿ ತೂತು ಕೊರೆದು, ಅದಕ್ಕೆ ಬತ್ತಿ ಇಳಿಬಿಟ್ಟು, ಮರದ ಮುಕ್ಕಾಲಿಯ ಮೇಲೆ ತೊಟ್ಟಿಗೆ ಸರಿಯಾಗಿ ಕೂರಿಸಿದೆ. ಕಲ್ಲುಗಳನ್ನು ಬಿಸಿನೀರಿನಲ್ಲಲ್ಲ, ತೊಟ್ಟಿಯದೇ ನೀರಿನಲ್ಲಿ ಒಮ್ಮೆ ಅದ್ದಿ ತೆಗೆದು, ಸೀಗೆಪುಡಿಯ ನೊರೆ ಹೋಯಿತೆಂದು ನೋಡಿ, ಲೋಳೆ ಕಿತ್ತುಹೋಗದಂತೆ ಮಡಕೆಗೆ ತುಂಬಿದೆ. ತೊಟ್ಟಿಯಿಂದ ಚೊಂಬಿನಲ್ಲಿ ನೀರು ಮೊಗೆದು ಮಡಕೆಗೆ ಹುಯ್ಯುವುದು, ಅದು ಕಲ್ಲಿನ ಮೇಲೆ ಹರಿದು ತೊಟ್ಟಿಕ್ಕುತ್ತಾ ಮತ್ತೆ ತೊಟ್ಟಿಗೆ ಬೀಳುವುದು. ಮೀನಿಗೆ ತಿನ್ನಲು ಏನೂ ಹಾಕಬಾರದು. ಕಲ್ಲು ಒಣಗಬಾರದು. ಒಣಗಿದರೆ ಲೋಳೆ ಸಾಯುತ್ತದೆ, ಅಂದರೆ ಹುಯ್ಯುವುದನ್ನು ನಿಲ್ಲಿಸುವಂತಿಲ್ಲ.

"ನಾ ಹುಯ್ತೀನಿ ಬುಡಿ. ಕುಂತಿರೋದು ಬಿಟ್ಟು ನಂಗೇನು ಕೆಲ್ಸ," ಎಂದಳು ಹಟ್ಟಿಯ ಹೆಂಗಸು. ಕಾಲನ್ನು ಒಂದು ಕಲ್ಲಿನ ಮೇಲೆ ಚಾಚಿ, ತೊಟ್ಟಿಯ ಪಕ್ಕ ಕೂತು ಹುಯ್ಯತೊಡಗಿದಳು. ಒಳಗಿನಿಂದ ಅಜ್ಜಿಯ ದನಿ ಕೇಳಿತು: "ಏನು, ಮೀನಿಗೆ ರುದ್ರಾಭಿಷೇಕ ಶುರುವಾಯ್ತಾ?"

ಪವಾಡವೇನೂ ಆಗಲಿಲ್ಲ. ಮೊದಲ ದಿನ ಬಣ್ಣ ಹಾಗೇ ಇತ್ತು. ಎರಡನೆಯ ದಿನವೂ ಹಾಗೇ, ಇನ್ನೊಂದಷ್ಟು ಮೀನು ಹೋದವು. ನಾನು ತಪ್ಪು ಮಾಡಿದೆನೇ? ಬಚ್ಚಲ ಕೊಳೆಯನ್ನು ತಂದು ಸುರಿದು ಉಳಿದವನ್ನೂ ಕೊಲ್ಲುತ್ತಿದ್ದೇನೆಯೇ? ಅಂಥ ಹೊತ್ತಿನಲ್ಲೇ ಶಿರಾದ ಕಡೆ ಬರಗೂರಿನಲ್ಲಿ ಕಾಲರಾ ಎಂದು ಕರೆ ಬಂತು. ಹೋಗಲೇಬೇಕು. ಕಾಲರಾ ಸೂಜಿ ಚುಚ್ಚುತ್ತಿದ್ದರೂ ನನ್ನ ಜೀವವೆಲ್ಲ ಜಗುಲಿಯಲ್ಲಿತ್ತು. ನಾನು ನೋಡಿದ ಪ್ರತಿ ಮಡಕೆಯಲ್ಲೂ ಸತ್ತ ಮೀನು ಕಂಡಂತಾಗುತ್ತಿತ್ತು.

ನಾನಿಲ್ಲದಾಗ ನಡೆದದ್ದನ್ನು ಹೆಂಡತಿ ಹೇಳಿದಳು. ಹಟ್ಟಿಯ ಹೆಂಗಸು ಪಟ್ಟಿ ಕಟ್ಟಿಸಿಕೊಳ್ಳಲು ಆಸ್ಪತ್ರೆಗೆ ಹೋಗಿದ್ದಳಂತೆ. ಹೆಂಡತಿ ಒಲೆಯ ಮುಂದೆ. ಮಂಡಕ್ಕಿಯ ಪಕ್ಕದ ಮನೆಯಾಕೆ ಬಂದು, ಗಾಜಿಗೆ ಹತ್ತಿದ ಪಾಚಿ ನೋಡಿ, ಪಾಪ ಇವರಿಗೆ ಕೈ ಬಿಡುವಿಲ್ಲವೆಂದು ತಾನೇ ಬೂದಿ, ಹುಣಸೆಹಣ್ಣು ತಂದು ಸೆರಗು ಸಿಕ್ಕಿಸಿಕೊಂಡು ನಿಂತಳಂತೆ. ಮಡಕೆಯ ಕಲ್ಲನ್ನು ಒಂದೊಂದಾಗಿ ತೆಗೆಯಲು ಕೈ ಹಾಕಿದ್ದಾಳೆ. ಆಗ ಒಳಗಿನಿಂದ ಅಜ್ಜಿ ಓಡಿಬಂದು, ಹೊಸಲು ದಾಟಿ, ಜಗುಲಿಯ ಮೇಲೆಯೇ ನಿಂತು ಕೂಗಿದಳಂತೆ:

"ಮುಟ್ಟಬ್ಯಾಡ ಕಣೇ ಅದನ್ನ! ಕೈ ತೆಗಿ! ತೊಳೆದ್ರೆ ಸಾಯ್ತಾವೆ ಅಂತ ಅಷ್ಟು ಬಡ್ಕೊಂಡ್ನಲ್ಲ ಆ ಹುಡುಗ, ಬೀದಿಗೆಲ್ಲ ಕೇಳಿಸ್ತು, ನಿಂಗೆ ಕೇಳಿಸ್ಲಿಲ್ವಾ?"

ನಾನು ಬರಗೂರಿನಿಂದ ಬಂದಾಗ ಅಜ್ಜಿ ಕಂಬಕ್ಕೊರಗಿ ಕೂತು, ಮೂಗಿಗೆ ಸೆರಗು ಕಟ್ಟಿಕೊಂಡು, ಚೊಂಬಿನಲ್ಲಿ ನೀರು ಹುಯ್ಯುತ್ತಿದ್ದಳು. ನನ್ನ ಮುಖ ನೋಡಲಿಲ್ಲ. "ಮೈಲಿಗೆ ಹೆಂಗೂ ಆಗೋಯ್ತು. ಸ್ನಾನ ಮಾಡ್ಕೊಂಡ್ರಾಯ್ತು ಬುಡು," ಅಂದಳು. ನಾನು ಚೀಲವನ್ನೂ ಇಳಿಸದೆ ನಳಿಗೆಗೆ ನೀರು ಹಿಡಿದು ದ್ರಾವಣ ಬಿಟ್ಟೆ. ಹಳದಿ ಇತ್ತು, ಆದರೆ ಮಾಸಲು, ಎಳೆಯ ಬಾಳೆಸುಳಿಯ ಬಣ್ಣ. ಅಜ್ಜಿಗೆ ತೋರಿಸಲು ತಿರುಗುವ ಅವಸರದಲ್ಲಿ ನಳಿಗೆ ಬಿದ್ದು ಒಡೆಯಿತು.

ಅಲ್ಲಿಂದ ಮೀನು ಸಾಯುವುದು ನಿಂತಿತು. ದಿನ ಕಳೆದಂತೆ ಬಣ್ಣ ತೆಳುವಾಗುತ್ತಾ ಹೋಗಿ ಒಂದು ಬೆಳಿಗ್ಗೆ ಪೂರ್ತಿ ಮಾಯವಾಯಿತು. ಗಾಜು ಮಾತ್ರ ಹಸಿರು, ತಳ ಕಂದು, ನೋಡಲು ಹೇಸಿಗೆ. ಅದರೊಳಗೆ ಉಳಿದ ಕೆಲವೇ ಮೀನುಗಳು ತಳ ಸೇರಿ, ಬಾಯಿ ಮುಚ್ಚಿಕೊಂಡು ತಣ್ಣಗೆ ಈಜುತ್ತಿದ್ದವು. ಅವುಗಳಲ್ಲೊಂದರ ಹೊಟ್ಟೆ ಉಬ್ಬಿತ್ತು. ಮರಿ ಹಾಕುವ ಜಾತಿ ಅದು. ನನ್ನ ಹೆಂಡತಿ ಅದನ್ನು ನೋಡಿ ಅಡಿಗೆಮನೆಗೆ ಹೋಗಿ, ಇಷ್ಟು ದಿನದಲ್ಲಿ ಮೊದಲ ಸಲ ಗಟ್ಟಿಯಾಗಿ ಅತ್ತಳು.

ಹೂಳೆತ್ತುವ ಕೆಲಸ ಮುಗಿಯಿತೆಂದು ಹಟ್ಟಿಯಿಂದ ಹೇಳಿಕಳಿಸಿದರು. ಹೆಂಗಸಿನ ಕಾಲಿನ ನಾರೂ ಪೂರ್ತಿ ಬಂದಿತ್ತು. ಎರಡು ಮಡಕೆಗಳಲ್ಲಿ ಮೀನು ಬಿಟ್ಟು, ಬಾಯಿಗೆ ಮಲ್ಲುಬಟ್ಟೆ ಕಟ್ಟಿ, ಒದ್ದೆ ಕಂಬಳಿ ಸುತ್ತಿ ಬಸ್ಸಿನಲ್ಲಿ ಪಾವಗಡದವರೆಗೆ ತೊಡೆಯ ಮೇಲಿಟ್ಟುಕೊಂಡು ಹೋದೆವು. ಅಲ್ಲಿಂದ ಗಾಡಿ. ಕುಲುಕಿದಾಗಲೆಲ್ಲ ಆಕೆ ಮಡಕೆಯನ್ನು ತಬ್ಬಿ, "ಮೆಲ್ಲಗಾ, ಮೆಲ್ಲಗಾ" ಎಂದು ಎತ್ತುಗಳಿಗೆ ತೆಲುಗಿನಲ್ಲಿ ಹೇಳುತ್ತಿದ್ದಳು.

ಹಟ್ಟಿಯವರೆಲ್ಲ ಮೆಟ್ಟಿಲ ಮೇಲೆ ನೆರೆದಿದ್ದರು. ನಾನು ಮಡಕೆಯನ್ನು ಬಾವಿಯ ನೀರಿನಲ್ಲಿ ಸ್ವಲ್ಪ ಹೊತ್ತು ತೇಲಿಸಿ, ಒಳಗಿನ ನೀರಿಗೆ ಬಾವಿಯ ನೀರನ್ನು ಬೆರೆಸಿ ಬೆರೆಸಿ, ಮೆಲ್ಲಗೆ ಓರೆ ಮಾಡಿದೆ. ಮೀನುಗಳು ಒಂದು ಕ್ಷಣ ನಿಂತು, ಕಲ್ಲಿನ ನೆರಳಿಗೆ ಸರಿದು ಹೋದವು. ಎಲ್ಲರೂ ಉಘೇ ಎಂದರು. ಯಜಮಾನನ ಸೊಸೆ ಮೇಲಿನ ಮೆಟ್ಟಿಲಲ್ಲಿ ಬಿಂದಿಗೆ ಹಿಡಿದು ನಿಂತಿದ್ದಳು, ಹೊಟ್ಟೆ ಮುಂದಕ್ಕೆ ಬಂದಿತ್ತು.

"ಇನ್ಮೇಲೆ ಸೋಸದಂಗೆ ಕುಡೀಬೌದಾ ಸಾಮಿ?" ಎಂದು ಕೇಳಿದಳು.

"ಇಲ್ಲಮ್ಮ. ಮೀನು ಮರಿ ಹಾಕಿ ಹೆಚ್ಚಾಗಬೇಕು. ಈ ವರ್ಷವೆಲ್ಲ ಸೋಸಬೇಕು," ಎಂದೆ. ಇದುವರೆಗೆ ಕುಡಿದದ್ದರ ಲೆಕ್ಕ ಮುಂದಿನ ಬೇಸಿಗೆಗೇ ತಿಳಿಯುವುದು ಎನ್ನುವುದನ್ನು ಮಾತ್ರ ಹೇಳಲಿಲ್ಲ.

ಮುಂದಿನ ಬೇಸಿಗೆಗೆ ಹೋದೆ. ಬಾವಿಯ ತುಂಬ ಮೀನು, ಮೆಟ್ಟಿಲ ಮೇಲೆ ನೆರಳು ಬಿದ್ದರೆ ಗುಂಪಾಗಿ ಓಡುತ್ತಿದ್ದವು. ನೀರು ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ, ಆ ಸಣ್ಣ ನೀರುಹುಳ ಹುಡುಕಿದರೂ ಸಿಗಲಿಲ್ಲ. ಕುಣಿಯಬೇಕೆನ್ನಿಸಿತು. ತಲೆ ಎತ್ತಿದರೆ ಮೇಲಿನ ಮೆಟ್ಟಿಲಲ್ಲಿ ಸೊಸೆ ಕೂತಿದ್ದಳು. ತೊಡೆಯ ಮೇಲೆ ಕೂಸು, ಗುಂಡುಗುಂಡಗಿತ್ತು. ಎಡಗಾಲನ್ನು ನೆಟ್ಟಗೆ ಚಾಚಿದ್ದಳು. ಪಾದದ ಮೇಲೆ ನಾರುಹುಣ್ಣಿನ ನೀರುಗುಳ್ಳೆ ಎದ್ದಿತ್ತು.

ಹೋದ ಬೇಸಿಗೆ ಆ ಗುಂಡಿಯ ನೀರು ಕುಡಿದ ದಿನಗಳ ಫಲ ಅದು. ನಾನು ತೊಟ್ಟಿ ತೊಳೆಯುತ್ತಿದ್ದ ದಿನಗಳು. ಆಕೆಯ ಪಕ್ಕದ ಮೆಟ್ಟಿಲಲ್ಲೇ ಕೂತೆ.

"ಉರೀತದೆ ಸಾಮಿ. ನೀರಾಗೆ ಕಾಲಿಟ್ರೆ ತಣ್ಣಗಾಯ್ತದೆ ಅಂತಾರೆ. ಇಟ್ರೆ ಹುಳ ನೀರಿಗೆ ಮರಿ ಬುಡ್ತದೆ, ಅಲ್ವಾ?"

"ಬಿಡುತ್ತೆ ತಾಯಿ."

"ಮೀನು ತಿಂತಾವೆ, ಅಲ್ವಾ?"

"ತಿಂತಾವೆ. ಆ ನೀರುಹುಳಾನ ತಿಂತಾವೆ."

ಆಕೆ ಕೂಸನ್ನು ಇನ್ನೊಂದು ತೊಡೆಗೆ ಬದಲಾಯಿಸಿಕೊಂಡು ಬಾವಿಯ ಕಡೆ ನೋಡಿದಳು.

"ಆದ್ರೂ ನಾ ಇಳಿಯಾಕಿಲ್ಲ," ಎಂದಳು. "ಈ ಬಿಡ್ಡನೂ ಇದ್ರಾಗೇ ಕುಡೀಬೇಕಲ್ಲ."

ಹಿಂದಿನಿಂದ ಬಂದ ಅವಳ ಅತ್ತೆ ಬಿಂದಿಗೆ ಎತ್ತಿಕೊಂಡು, ತಾನೇ ಮೆಟ್ಟಿಲು ಇಳಿದಳು.